ಲೀ ಜೆ. ಕಾಬ್: ಯಾವುದರಿಂದ ಶುರು ಮಾಡೋದು, ಯಾವುದನ್ನು ಬಿಡೋದು?

'ಮೆಕೆನ್ನಾಸ್ ಗೋಲ್ಡ್' ಸಿನಿಮಾವನ್ನು ಟಾಕೀಸಿನಲ್ಲಿ ನೋಡಿದವರು ನಿಮ್ಮ ಮನೆಯಲ್ಲಿ ಒಬ್ಬರಾದರೂ ಇರಬಹುದು. 1969ರ ಈ ಚಿತ್ರ ಅಮೆರಿಕದಲ್ಲಿ ಅಷ್ಟಕ್ಕಷ್ಟೇ. ಇಂಡಿಯಾದಲ್ಲಿ ಮಾತ್ರ ವರ್ಷಗಟ್ಟಲೆ ಮತ್ತೆ ಮತ್ತೆ ಓಡಿತು. ಚಿನ್ನದ ಸುದ್ದಿ ಕೇಳಿ ಊರಿನ ದೊಡ್ಡ ಮನುಷ್ಯರೆಲ್ಲ ಕುದುರೆ ಹತ್ತಿ ಬಂದುಬಿಡುತ್ತಾರಲ್ಲ, ಆ ಗುಂಪಿನಲ್ಲಿ ಪತ್ರಿಕೆಯ ಸಂಪಾದಕ ಒಬ್ಬ ಇದ್ದಾನೆ. ಬರುತ್ತಾನೆ, ನಾಲ್ಕು ಮಾತಾಡುತ್ತಾನೆ, ಹೋಗಿಬಿಡುತ್ತಾನೆ. ಆ ಪಾತ್ರ ಮಾಡಿದವರು ಲೀ ಜೆ. ಕಾಬ್. ಅಂದರೆ ನಮ್ಮಲ್ಲಿ ಎಷ್ಟೋ ಜನ ಅವರನ್ನು ನೋಡಿದ್ದಾರೆ, ಹೆಸರು ಕೇಳಿದರೆ ಮಾತ್ರ ಯಾರು ಅಂತಾರೆ.

ಪೋಷಕ ನಟರ ಪಾಡೇ ಇಷ್ಟು ಅಂತ ಬಿಡಬಹುದಿತ್ತು. ಆದರೆ ಇವರು ಅಮೆರಿಕನ್ ರಂಗಭೂಮಿಯ ಅತಿ ದೊಡ್ಡ ಪಾತ್ರಗಳಲ್ಲಿ ಒಂದನ್ನು ಮೊಟ್ಟಮೊದಲು ಆಡಿದವರು. ಎರಡು ಸಲ ಆಸ್ಕರ್‌ಗೆ ಹೆಸರು ಹೋಗಿತ್ತು, ಎರಡು ಸಲವೂ ಬರಲಿಲ್ಲ. ಸಿನಿಮಾ, ನಾಟಕ, ಟೀವಿ ಮೂರರಲ್ಲೂ ಸುಮಾರು ನಲವತ್ತು ವರ್ಷ ದುಡಿದರು. ಹೀಗಾಗಿ ಅವರದು ಒಂದು ನೋಡೋಣ ಅಂತ ಹುಡುಕಿದರೆ ಉದ್ದದ ಪಟ್ಟಿ ಬರುತ್ತದೆ, ಅದರಲ್ಲಿ ಅರ್ಧಕ್ಕರ್ಧ ಜೊಳ್ಳು. ಯಾವುದು ಕಾಳು ಅಂತ ನನಗೆ ಕಂಡಷ್ಟು ಹೇಳುತ್ತೇನೆ. ಕಥೆಯ ಕೊನೆಯೂ ಅಲ್ಲಲ್ಲಿ ಬರುತ್ತದೆ, ಅದು ಬೇಡ ಅನ್ನುವವರು ಸಿನಿಮಾ ನೋಡಿ ಆಮೇಲೆ ಬನ್ನಿ.

ಆರಿಸುವ ಮುಂಚೆ ಒಂದು ವಿಷಯ ಗೊತ್ತಿರಲಿ. ಕಾಬ್ ಅವರಿಗೆ ಹುಡುಗನ ಪಾತ್ರ ಅಂತ ಸಿಕ್ಕಿದ್ದೇ ಕಡಿಮೆ. ಹುಟ್ಟಿದ್ದು 1911ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕಿನ ಯಹೂದಿ ಮನೆಯಲ್ಲಿ. ಚಿಕ್ಕಂದಿನಲ್ಲಿ ಪಿಟೀಲು ನುಡಿಸುತ್ತಿದ್ದರು, ಮಣಿಕಟ್ಟು ಮುರಿದು ಆ ಕನಸು ಅಲ್ಲಿಗೇ ನಿಂತಿತು. 1935ರಲ್ಲಿ ಗ್ರೂಪ್ ಥಿಯೇಟರ್ ಸೇರಿದರು. ಆ ಕಾಲದ ನ್ಯೂಯಾರ್ಕಿನಲ್ಲಿ ಎಡಪಂಥದ ಬಿಸಿ, ಹೊಸ ನಟನಾ ಪದ್ಧತಿಯ ಹುಚ್ಚು ಎರಡೂ ಇದ್ದ ತಂಡ ಅದು. ಅಲ್ಲಿ ಅವರು ಆಡಿದ 'ಗೋಲ್ಡನ್ ಬಾಯ್' ನಾಟಕ 1939ರಲ್ಲಿ ಸಿನಿಮಾ ಆದಾಗ ವಿಲಿಯಂ ಹೋಲ್ಡನ್ ಅಪ್ಪನ ಪಾತ್ರ ಕಾಬ್‌ಗೆ ಸಿಕ್ಕಿತು. ಮಗನಿಗೆ 21, ಅಪ್ಪನಿಗೆ 27! ಆಮೇಲೂ ಕಥೆ ಇದೇ. 1958ರ 'ಮ್ಯಾನ್ ಆಫ್ ದ ವೆಸ್ಟ್' ಚಿತ್ರದಲ್ಲಿ ಗ್ಯಾರಿ ಕೂಪರ್‌ಗೆ ಮಾವನಂತೆ ಬರುತ್ತಾರೆ, ಕೂಪರ್ ಅವರಿಗಿಂತ ಹತ್ತು ವರ್ಷ ದೊಡ್ಡವರು. 1963ರಲ್ಲಿ ಫ್ರಾಂಕ್ ಸಿನಾತ್ರಾಗೆ ಅಪ್ಪ, ವಯಸ್ಸಿನ ಅಂತರ ನಾಲ್ಕೇ ವರ್ಷ. ಬೇಗ ಹಿಂದೆ ಸರಿದ ಕೂದಲು, ದಪ್ಪ ಹುಬ್ಬು, ಜಲ್ಲಿ ಉರುಳಿದ ಹಾಗೆ ಗಂಟಲು. ಇವಿಷ್ಟು ಇದ್ದ ಮೇಲೆ ಹಾಲಿವುಡ್ ಬೇರೆ ಏನು ಕೊಡುತ್ತೆ?

ಅದರಿಂದ ಆದದ್ದೇನು ಅಂದರೆ, ಅವರ ದೊಡ್ಡ ಪಾತ್ರಗಳೆಲ್ಲ ಒಂದೇ ಮನೆಯವರು. ಅಪ್ಪ, ಯಜಮಾನ, ಮುಖಂಡ. ಜೋರಾಗಿ ಮಾತಾಡುವ, ಎದುರು ಮಾತು ಸಹಿಸದ, ಒಳಗೊಳಗೇ ಹೆದರಿದ ಗಂಡಸು. ಹಾಗಾಗಿ ಇಲ್ಲಿ ಆರಿಸುವುದು ಅಂದರೆ ಆ ಗಂಡಸು ಯಾವ ರೀತಿ ಕುಸಿಯುವುದನ್ನು ನೋಡಬೇಕು ಅಂತ ಆರಿಸುವುದು.

ಮೊದಲ ಸಂಜೆಗೆ ಯಾವುದು

ಎಲ್ಲರೂ ಹೇಳುವ ಎರಡು ಹೆಸರು: 1954ರ 'ಆನ್ ದ ವಾಟರ್‌ಫ್ರಂಟ್', 1957ರ '12 ಆಂಗ್ರಿ ಮೆನ್'. ಎರಡೂ ಕಪ್ಪು ಬಿಳುಪು, ಎರಡೂ ಎರಡು ಗಂಟೆಯೊಳಗೆ ಮುಗಿಯುತ್ತವೆ, ಎರಡೂ ಒಳ್ಳೆಯ ಸಿನಿಮಾ. ಒಂದೇ ನೋಡುವಷ್ಟು ಪುರುಸೊತ್ತು ಇದ್ದರೆ '12 ಆಂಗ್ರಿ ಮೆನ್' ನೋಡಿ. ಯಾಕೆ ಅಂತ ಹೇಳುತ್ತೇನೆ.

'ವಾಟರ್‌ಫ್ರಂಟ್'ನಲ್ಲಿ ಕಾಬ್ ಬಂದರಿನ ಕೂಲಿಗಳ ಯೂನಿಯನ್ ಮುಖಂಡ ಜಾನಿ ಫ್ರೆಂಡ್ಲಿ. ಇವತ್ತು ಯಾರಿಗೆ ಕೆಲಸ, ಯಾರು ಬರಿಗೈಲಿ ಮನೆಗೆ ಅಂತ ತೀರ್ಮಾನ ಮಾಡುವುದು ಅವನ ಜನ. ಬಾರ್‌ನಲ್ಲಿ ದುಡ್ಡು ಎಣಿಸುವ ದೃಶ್ಯ ಒಂದಿದೆ, ಅದನ್ನು ಸರಿಯಾಗಿ ನೋಡಿ. ಕಥಾನಾಯಕ ಟೆರ್ರಿಯನ್ನು (ಮರ್ಲನ್ ಬ್ರಾಂಡೊ) ತಬ್ಬಿಕೊಳ್ಳುತ್ತಾನೆ, ರೇಗಿಸುತ್ತಾನೆ, ಜೇಬಿಗೆ ನೋಟು ತುರುಕುತ್ತಾನೆ. ಅಷ್ಟರಲ್ಲೇ ಒಬ್ಬನ ಲೆಕ್ಕ ಸ್ವಲ್ಪ ಕಡಿಮೆ ಬಂದಿದ್ದು ಗೊತ್ತಾಗಿ ಅವನನ್ನು ಆಚೆ ಹಾಕುತ್ತಾನೆ. ಪ್ರೀತಿ, ಹೊಡೆತ ಎರಡೂ ಅದೇ ಕೈಯಿಂದ. ತಾನು ಚಿಕ್ಕವನಿದ್ದಾಗ ಎಷ್ಟು ಕಷ್ಟಪಟ್ಟು ಮೇಲೆ ಬಂದೆ ಅಂತ ಅವನು ಹೇಳುವುದು ನಾಟಕ ಅಲ್ಲ, ಅದು ನಿಜ ಅಂತಲೇ ಕಾಬ್ ಆಡುತ್ತಾರೆ. ಹಾಗಾಗಿ ಅವನು ಬರೀ ವಿಲನ್ ಅನ್ನಿಸುವುದಿಲ್ಲ.

ಆದರೂ ಇದು ಬ್ರಾಂಡೊ ಸಿನಿಮಾ. ಬ್ರಾಂಡೊ ಇದ್ದ ಕಡೆ ಕಣ್ಣು ಅಲ್ಲೇ ಹೋಗುತ್ತದೆ, ಏನೂ ಮಾಡಕ್ಕಾಗಲ್ಲ. ಜೊತೆಗೆ ಜಾನಿ ಶುರುವಿನಲ್ಲಿ ಹೇಗಿದ್ದಾನೋ ಕೊನೆಯಲ್ಲೂ ಹಾಗೇ ಇದ್ದಾನೆ, ಅಧಿಕಾರ ಮಾತ್ರ ಕೈತಪ್ಪುತ್ತದೆ. ಆ ವರ್ಷ ಅತ್ಯುತ್ತಮ ಪೋಷಕ ನಟ ಆಸ್ಕರ್‌ಗೆ ಈ ಒಂದೇ ಚಿತ್ರದಿಂದ ಮೂವರ ಹೆಸರು ಹೋಯಿತು: ಕಾಬ್, ಕಾರ್ಲ್ ಮಾಲ್ಡೆನ್, ರಾಡ್ ಸ್ಟೈಗರ್. ಮೂವರಿಗೂ ಬರಲಿಲ್ಲ, 'ದ ಬೇರ್‌ಫುಟ್ ಕಾಂಟೆಸಾ'ದ ಎಡ್ಮಂಡ್ ಒ'ಬ್ರಯನ್ ತಗೊಂಡು ಹೋದರು. ಮತ ಒಡೆದು ಹೋಗಿರಬೇಕು ಅಂತ ನನ್ನ ಗುಮಾನಿ.

'12 ಆಂಗ್ರಿ ಮೆನ್' ಹಾಗಲ್ಲ. ಸಿಡ್ನಿ ಲ್ಯೂಮೆಟ್ ಅವರ ಮೊದಲ ಸಿನಿಮಾ, 96 ನಿಮಿಷ, ಹೆಚ್ಚು ಕಡಿಮೆ ಪೂರ್ತಿ ಒಂದೇ ಕೋಣೆ. ಅಪ್ಪನನ್ನು ಕೊಂದ ಆರೋಪ ಹೊತ್ತ ಹುಡುಗನ ಹಣೆಬರಹ ತೀರ್ಪು ಹೇಳಲು ಕೂರಿಸಿದ ಹನ್ನೆರಡು ಸಾಮಾನ್ಯ ಜನರ, ಅಂದರೆ ಜ್ಯೂರಿಗಳ ಕೈಯಲ್ಲಿದೆ. ಹನ್ನೊಂದು ಜನ ತಪ್ಪಿತಸ್ಥ ಅಂತಾರೆ, ಹೆನ್ರಿ ಫೋಂಡಾ ಒಬ್ಬರು ಇರಿ, ಮಾತಾಡೋಣ ಅಂತಾರೆ. ಕಾಬ್ ಮೂರನೇ ಜ್ಯೂರಿ, ಎಲ್ಲರಿಗಿಂತ ಕೊನೆಯಲ್ಲಿ ಮನಸ್ಸು ಬದಲಿಸುವವರು. ಫೋಂಡಾ ಒಂದು ಕಂಬ ಆದರೆ ಇವರು ಇನ್ನೊಂದು. ಒಂದು ಕಂಬ ತೆಗೆದರೂ ಸಿನಿಮಾ ನಿಲ್ಲುವುದಿಲ್ಲ.

ಎಲ್ಲರೂ ನೆನಪಿಟ್ಟುಕೊಳ್ಳುವುದು ಅವರ ಕೂಗಾಟ. ನಾನು ಹೇಳುವುದು ಮೊದಲ ಇಪ್ಪತ್ತು ನಿಮಿಷ ನೋಡಿ ಅಂತ. ಅಲ್ಲಿ ಅವರು ರಾಕ್ಷಸನೇ ಅಲ್ಲ. ನಗುತ್ತಾರೆ, ಜೋಕ್ ಹೊಡೆಯುತ್ತಾರೆ, ಸೊನ್ನೆಯಿಂದ ಶುರು ಮಾಡಿ ಈಗ 37 ಜನರಿಗೆ ಕೆಲಸ ಕೊಟ್ಟಿದ್ದೇನೆ ಅಂತ ಕೊಚ್ಚಿಕೊಳ್ಳುತ್ತಾರೆ. ಮಗನ ಫೋಟೊ ತೋರಿಸುತ್ತಾರೆ. ಮಗನ ಜೊತೆ ಮಾತು ಬಿಟ್ಟು ಎರಡು ವರ್ಷ ಆಗಿದೆ ಅನ್ನುವುದನ್ನು ಹವಾಮಾನ ಹೇಳಿದ ಹಾಗೆ ಹೇಳಿ ಮುಗಿಸುತ್ತಾರೆ. ಮದುವೆ ಮನೆಯಲ್ಲಿ ನಮ್ಮ ಪಕ್ಕ ಕೂತು ಮಾತಾಡುವ ಯಾವುದೋ ದೊಡ್ಡಪ್ಪ ಇರಬಹುದು ಅನ್ನಿಸುತ್ತದೆ. ಕೊನೆಯಲ್ಲಿ ಅದೇ ಫೋಟೊ ಹರಿಯುತ್ತಾರಲ್ಲ, ಅದು ಗಟ್ಟಿಯಾಗಿ ನಿಲ್ಲುವುದು ಈ ಸಣ್ಣ ಮಾತಿನ ಮೇಲೆ. ಮಧ್ಯದಲ್ಲಿ ಚಾಕು ಹಿಡಿದು ಫೋಂಡಾ ಎದೆಗೆ ಚುಚ್ಚುವ ಹಾಗೆ ತೋರಿಸುವ ದೃಶ್ಯ ಇದೆ. ಇಡೀ ಕೋಣೆ ಎದ್ದು ನಿಲ್ಲುತ್ತದೆ. ಕಾಬ್ ಅಲ್ಲಿ ಒಂದು ಕ್ಷಣ ಜಾಸ್ತಿ ತಡೆಯುತ್ತಾರೆ, ಆ ಒಂದು ಕ್ಷಣ ನಮಗೂ ಅನುಮಾನ ಬರುತ್ತದೆ. ಆಗ ಅವರಿಗೆ 45 ವರ್ಷ.

ಈ ಪಾತ್ರವನ್ನು ಬೇರೆಯವರು ಮಾಡಿದ್ದನ್ನೂ ಪಕ್ಕಕ್ಕಿಟ್ಟು ನೋಡಬಹುದು, ಅದೊಂದು ಒಳ್ಳೆಯ ಆಟ. ಬಾಸು ಚಟರ್ಜಿ 1986ರಲ್ಲಿ ಹಿಂದಿಯಲ್ಲಿ ಮಾಡಿದ 'ಏಕ್ ರುಕಾ ಹುವಾ ಫೈಸಲಾ'ದಲ್ಲಿ ಪಂಕಜ್ ಕಪೂರ್ ಇದ್ದಾರೆ. ಅವರಿಗೆ ಆಗ ಮೂವತ್ತರ ಆಸುಪಾಸು, ಆಡಿದ್ದು ಬೆಳೆದ ಮಗನಿರುವ ಅಪ್ಪನನ್ನು. ಕಾಬ್ ಪರಂಪರೆಗೆ ಸರಿಯಾಗೇ ಇದೆ ಅಲ್ವಾ! ಪಂಕಜ್ ಮೊದಲಿನಿಂದಲೇ ಉರಿಯುತ್ತಾರೆ, ನರ ಬಿಗಿದಿರುತ್ತದೆ. ಕಾಬ್ ನಿಧಾನಕ್ಕೆ ಬಿಸಿಯೇರುತ್ತಾರೆ. ನನಗೆ ಕಾಬ್ ದಾರಿ ಇಷ್ಟ, ಆದರೆ ಹಿಂದಿಯಲ್ಲಿ ಅಳು ಬರುವ ಜಾಗ ಹೆಚ್ಚು ಚುಚ್ಚುತ್ತದೆ ಅಂತ ಯಾರಾದರೂ ಅಂದರೆ ಜಗಳ ಆಡುವುದಿಲ್ಲ. ಕನ್ನಡದಲ್ಲೂ 2012ರಲ್ಲಿ ಇದೇ ಕಥೆ ಇಟ್ಟುಕೊಂಡು 'ದಶಮುಖ' ಬಂತು, ರವಿಚಂದ್ರನ್ ಮತ್ತು ಅನಂತ್ ನಾಗ್ ಇದ್ದ ಚಿತ್ರ. 1997ರಲ್ಲಿ ಅಮೆರಿಕದಲ್ಲೇ ಟೀವಿಗೆ ಮತ್ತೆ ಮಾಡಿದಾಗ ಮೂರನೇ ಜ್ಯೂರಿ ಆದವರು ಜಾರ್ಜ್ ಸಿ. ಸ್ಕಾಟ್. ಈ ಸ್ಕಾಟ್ ಹೆಸರು ನೆನಪಿಡಿ, ಇನ್ನೂ ಎರಡು ಸಲ ಬರುತ್ತದೆ.

'ವಾಟರ್‌ಫ್ರಂಟ್' ನೋಡುವವರಿಗೆ ಇನ್ನೊಂದು ಮಾತು

ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1950ರ ಸುತ್ತಮುತ್ತ ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕುವ ಭರಾಟೆ ಜೋರಾಗಿತ್ತು. ಸಂಸತ್ತಿನ ಸಮಿತಿಯೊಂದು ಸಿನಿಮಾದವರನ್ನು ಕರೆಸಿ, ನಿನ್ನ ಜೊತೆ ಪಕ್ಷದಲ್ಲಿ ಯಾರ್ಯಾರಿದ್ದರು ಹೇಳು ಅಂತ ಕೇಳುತ್ತಿತ್ತು. ಹೇಳದಿದ್ದರೆ ಕಪ್ಪುಪಟ್ಟಿ, ಕೆಲಸ ಇಲ್ಲ. ನಟ ಲ್ಯಾರಿ ಪಾರ್ಕ್ಸ್ 1951ರಲ್ಲಿ ಹೇಳಿದ ಹೆಸರುಗಳಲ್ಲಿ ಕಾಬ್ ಹೆಸರೂ ಇತ್ತು. ಎರಡು ವರ್ಷ ಕಾಬ್ ಬಾಯಿ ಬಿಡಲಿಲ್ಲ. ಕೆಲಸ ಹೋಯಿತು, ದುಡ್ಡು ಖಾಲಿಯಾಯಿತು, ಹೆಂಡತಿ ಹೆಲೆನ್ ಬೆವರ್ಲಿ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಬೇಕಾಯಿತು. 1953ರಲ್ಲಿ ಕಾಬ್ ಸಮಿತಿಯ ಮುಂದೆ ಕೂತು 20 ಜನರ ಹೆಸರು ಹೇಳಿದರು. ಅದರ ಮಾರನೇ ವರ್ಷ 'ವಾಟರ್‌ಫ್ರಂಟ್' ತೆರೆಗೆ ಬಂತು.

ಆ ಚಿತ್ರದ ನಿರ್ದೇಶಕ ಎಲಿಯಾ ಕಜಾನ್ ಕೂಡ ಹೆಸರು ಹೇಳಿದವರು, ಬರೆದ ಬಡ್ ಶುಲ್‌ಬರ್ಗ್ ಕೂಡ. ಚಿತ್ರದ ಕಥೆ ಏನು? ತನ್ನವರ ವಿರುದ್ಧ ಸಾಕ್ಷಿ ಹೇಳುವವನೇ ಹೀರೊ. ಕಜಾನ್ ತಮ್ಮ ಸಮರ್ಥನೆಯನ್ನೇ ಸಿನಿಮಾ ಮಾಡಿದರು ಅಂತ ಅವತ್ತಿನಿಂದ ಇವತ್ತಿನವರೆಗೂ ಜನ ಹೇಳುತ್ತಲೇ ಇದ್ದಾರೆ. ಆದರೆ ಹೆಸರು ಹೇಳಿ ಬಂದ ಕಾಬ್ ಇಲ್ಲಿ ಆಡುವುದು ಎದುರು ಕಡೆಯವನ ಪಾತ್ರ. ವಿಚಾರಣೆಯಲ್ಲಿ ಯಾರ ವಿರುದ್ಧ ಸಾಕ್ಷಿ ಹೇಳಲಾಗುತ್ತದೋ ಅವನು. ನಿನ್ನನ್ನು ಬಿಡಲ್ಲ, ನಿನಗೆ ಇನ್ನು ಈ ಬಂದರಿನಲ್ಲಿ ಕೆಲಸ ಇಲ್ಲ ಅಂತ ಟೆರ್ರಿ ಮೇಲೆ ಹಾರಾಡುವವನು. ಕೆಲಸ ಸಿಗದೆ ಇರುವುದು ಅಂದರೇನು ಅಂತ ಆ ಸೆಟ್‌ನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಇದನ್ನೆಲ್ಲ ಮೊದಲೇ ತಿಳಿದುಕೊಂಡು ನೋಡಬೇಕಾ? ಬೇಡ ಅಂತ ನನ್ನ ಅಭಿಪ್ರಾಯ, ಆದರೆ ಈಗ ಓದಿಬಿಟ್ಟಿರಿ. ಇರಲಿ. ಒಂದು ಸಲ ಕಥೆಗೋಸ್ಕರ ನೋಡಿ, ಆಮೇಲೆ ಸಾಕ್ಷಿ ಹೇಳುವ ವಿಚಾರಣೆಯ ದೃಶ್ಯ ಮಾತ್ರ ಹಿಂದಕ್ಕೆ ಹೋಗಿ ನೋಡಿ. ಅವರು ಮಾಡಿದ್ದನ್ನು ನಾನು ಸರಿ ಅನ್ನುವುದಿಲ್ಲ. ಆ ಇಪ್ಪತ್ತು ಜನರಿಗೂ ಮನೆ ಮಕ್ಕಳು ಇದ್ದರು. ಹಾಗಂತ ಸಿನಿಮಾ ನೋಡುವುದನ್ನೇ ಬಿಡುವುದರಲ್ಲೂ ನನಗೆ ಅರ್ಥ ಕಾಣುವುದಿಲ್ಲ.

ವಿಲ್ಲಿ ಲೋಮನ್: ಇಲ್ಲೇ ಕಷ್ಟ ಇರೋದು

ಕಾಬ್ ಜೀವನದ ದೊಡ್ಡ ಕೆಲಸ ಯಾವುದು ಅಂತ ರಂಗಭೂಮಿಯವರನ್ನು ಕೇಳಿದರೆ ಉತ್ತರ ಒಂದೇ: 'ಡೆತ್ ಆಫ್ ಎ ಸೇಲ್ಸ್‌ಮನ್'. ಆರ್ಥರ್ ಮಿಲ್ಲರ್ ನಾಟಕ, ಕಜಾನ್ ನಿರ್ದೇಶನ, 1949ರ ಫೆಬ್ರವರಿ 10ರಂದು ನ್ಯೂಯಾರ್ಕಿನ ಮೊರಾಸ್ಕೊ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಒಟ್ಟು 742 ಪ್ರದರ್ಶನ ನಡೆಯಿತು. ಊರೂರು ತಿರುಗಿ ಸಾಮಾನು ಮಾರಿ ಸವೆದುಹೋದ, ತಾನು ಯಾರು ಅಂತ ತನಗೇ ಸುಳ್ಳು ಹೇಳಿಕೊಂಡು ಬದುಕಿದ 63 ವರ್ಷದ ವಿಲ್ಲಿ ಲೋಮನ್ ಪಾತ್ರ. ಆಡಿದ ಕಾಬ್‌ಗೆ ಆಗ 37.

ಮಿಲ್ಲರ್ ಬರೆಯುವಾಗ ವಿಲ್ಲಿಯನ್ನು ಸಣ್ಣ ಆಳು ಅಂತ ಅಂದುಕೊಂಡಿದ್ದರು. ಜನ ತನ್ನನ್ನು ಸೀಗಡಿ ಅಂತ ಆಡಿಕೊಂಡರು ಅನ್ನುವ ಮಾತು ನಾಟಕದಲ್ಲಿತ್ತು. ಕಾಬ್ ಬಂದ ಮೇಲೆ ಅದು ನಡೆಯುತ್ತಾ? ಸೀಗಡಿ ಹೋಗಿ ವಾಲ್ರಸ್ ಅನ್ನುವ ದಢೂತಿ ಕಡಲಪ್ರಾಣಿ ಆಯಿತು. 1984ರಲ್ಲಿ ಕುಳ್ಳಗಿನ ಡಸ್ಟಿನ್ ಹಾಫ್‌ಮನ್ ವಿಲ್ಲಿ ಆದಾಗ ಮತ್ತೆ ಸೀಗಡಿ ವಾಪಸ್ ಬಂತು. ಮಾತು ಒಂದೇ ಬದಲಾದದ್ದು, ಆದರೆ ಪಾತ್ರ ಪೂರ್ತಿ ಬೇರೆ. ಸಣ್ಣ ಮನುಷ್ಯ ಸೋಲುವುದು ಒಂದು ಥರ. ಗೋಡೆ ಥರ ಇರುವ ಮನುಷ್ಯ ಸೋಲುವುದು ಇನ್ನೊಂದು ಥರ. ತಾಲೀಮಿನ ಶುರುವಿನಲ್ಲಿ ಕಾಬ್ ದಿನಗಟ್ಟಲೆ ಸುಮ್ನೆ ಕೂತು ಮಾತುಗಳನ್ನು ಗೊಣಗುತ್ತಿದ್ದರು, ಇವರಿಂದ ಆಗಲ್ಲ ಅಂತ ಮಿಲ್ಲರ್‌ಗೆ ದಿಗಿಲಾಗಿತ್ತು, ಆಮೇಲೆ ಒಂದು ದಿನ ಎದ್ದು ನಿಂತಾಗ ವಿಲ್ಲಿಯೇ ಎದುರಿಗೆ ಬಂದ ಅಂತ ಮಿಲ್ಲರ್ ಬರೆದುಕೊಂಡಿದ್ದಾರೆ. ಕೆಲವು ತಿಂಗಳಲ್ಲೇ ಕಾಬ್ ಸುಸ್ತಾಗಿ ನಾಟಕ ಬಿಟ್ಟರು. ಆ ಜಾಗಕ್ಕೆ ಜೀನ್ ಲಾಕ್‌ಹಾರ್ಟ್ ಬಂದರು.

ಆ 1949ರ ಪ್ರದರ್ಶನ ನಮಗೆ ಸಿಗುವುದಿಲ್ಲ. ಈಗ ಇರುವ ದಾರಿ ಇವು.

ಒಂದು, 1951ರ ಸಿನಿಮಾ. ಅದರಲ್ಲಿ ಕಾಬ್ ಇಲ್ಲ, ಫ್ರೆಡ್ರಿಕ್ ಮಾರ್ಚ್ ಇದ್ದಾರೆ. ನಾಟಕದ ಅಮ್ಮ ಮಿಲ್ಡ್ರೆಡ್ ಡನಕ್‌ರನ್ನು ಇಟ್ಟುಕೊಂಡು ಅಪ್ಪನನ್ನು ಬದಲಿಸಿದರು. ಆಗ ಕಾಬ್ ಮೇಲಿದ್ದ ರಾಜಕೀಯದ ಗುಮಾನಿಯೇ ಕಾರಣ ಅಂತ ಹೇಳುವುದುಂಟು. ವಿಲ್ಲಿಯನ್ನು ಹುಚ್ಚನ ಥರ ಮಾಡಿಬಿಟ್ಟರು ಅಂತ ಮಿಲ್ಲರ್‌ಗೆ ಈ ಚಿತ್ರ ಸೇರಲಿಲ್ಲ. ಕಾಬ್‌ಗೋಸ್ಕರ ಹೊರಟವರು ಇದನ್ನು ಬಿಟ್ಟುಬಿಡಿ.

ಎರಡು, 1966ರ ಮೇನಲ್ಲಿ ಸಿಬಿಎಸ್ ಟೀವಿಯಲ್ಲಿ ಬಂದದ್ದು. ಇದರಲ್ಲಿ ಕಾಬ್, ಡನಕ್ ಇಬ್ಬರೂ ಮತ್ತೆ ಒಟ್ಟಿಗೆ. ಮಗ ಬಿಫ್ ಆಗಿ ಜಾರ್ಜ್ ಸೀಗಲ್, ಪಕ್ಕದ ಮನೆಯ ಹುಡುಗನಾಗಿ ಜೀನ್ ವೈಲ್ಡರ್. ಟೀವಿಗೆ ಅಂತ ನಾಟಕವನ್ನು ಕತ್ತರಿಸಿದ್ದಾರೆ, ಸೆಟ್ಟು ಸೆಟ್ಟಿನ ಹಾಗೇ ಕಾಣುತ್ತದೆ, ಚಿತ್ರ ಮಸುಕು. ಡಿವಿಡಿಯಲ್ಲಿ ಬಂದಿದೆ, ಹುಡುಕಿದರೆ ಸಿಗುತ್ತದೆ. ಕಾಬ್‌ಗೆ ಆಗ 54, ನಡುವೆ ಒಂದು ಹೃದಯಾಘಾತ ಆಗಿ ಹೋಗಿದೆ. ಹದಿನೇಳು ವರ್ಷದ ಹಿಂದೆ ಮೇಕಪ್ಪಿನಲ್ಲಿ ತಂದ ಮುಪ್ಪು ಈಗ ಅರ್ಧ ಅವರದೇ. ಮಾಲೀಕನ ಮಗನ ಮುಂದೆ ಕೂತು ಸಂಬಳ ಕಡಿಮೆಯಾದರೂ ಪರವಾಗಿಲ್ಲ ಊರಲ್ಲೇ ಕೆಲಸ ಕೊಡು ಅಂತ ಅಂಗಲಾಚುವ ದೃಶ್ಯದಲ್ಲಿ, ಆ ದೊಡ್ಡ ದೇಹಕ್ಕೆ ಎಲ್ಲಿ ಇಟ್ಟುಕೊಳ್ಳಬೇಕು ಅಂತಲೇ ಗೊತ್ತಾಗದ ಕೈಗಳನ್ನು ನೋಡಿ. ಸಂಬಳದ ಮೊತ್ತ ಹೇಳುತ್ತಾರೆ, ಇಳಿಸುತ್ತಾರೆ, ಮತ್ತೆ ಇಳಿಸುತ್ತಾರೆ. ಪ್ರತಿ ಸಲ ಇಳಿಸಿದಾಗಲೂ ದನಿ ಮಾತ್ರ ಸ್ವಲ್ಪ ಏರುತ್ತದೆ. ಅವರು ಕ್ಯಾಮೆರಾ ಮುಂದೆ ಮಾಡಿದ್ದರಲ್ಲೆಲ್ಲ ದೊಡ್ಡದು ಇದು ಅಂತ ನನಗೆ ಅನ್ನಿಸುತ್ತದೆ.

ಮೂರು, ಕೇಡ್ಮನ್ ಕಂಪನಿ ಹೊರತಂದ ಧ್ವನಿಮುದ್ರಿಕೆ. ಅದೇ ಕಾಲದ್ದು, ಅದರಲ್ಲೂ ಕಾಬ್ ಮತ್ತು ಡನಕ್. ಪಕ್ಕದ ಮನೆಯ ಹುಡುಗ ಬರ್ನಾರ್ಡ್ ಆಗಿ ಇನ್ನೂ ಯಾರಿಗೂ ಗೊತ್ತಿಲ್ಲದ ಡಸ್ಟಿನ್ ಹಾಫ್‌ಮನ್! ಮುಂದೆ ಅದೇ ವಿಲ್ಲಿಯನ್ನು ತಾನು ಆಡಬೇಕಾದವನು ಇಲ್ಲಿ ಆ ವಿಲ್ಲಿಯ ಎದುರು ನಿಂತು ಮಾತಾಡುತ್ತಾನೆ. ನಾಟಕ ಓದಿರುವವರು, ದಾರಿಯಲ್ಲಿ ಕೇಳುತ್ತಾ ಹೋಗುವವರು ಇದನ್ನು ಹಿಡಿಯಿರಿ. ಇಂಗ್ಲಿಷ್ ಮಾತು ಹಿಡಿಯುವುದು ಕಷ್ಟ ಅನ್ನುವವರಿಗೆ ಟೀವಿಯದ್ದೇ ವಾಸಿ, ಮುಖವಾದರೂ ಕಾಣುತ್ತದೆ.

1975ರಲ್ಲಿ ಬ್ರಾಡ್‌ವೇಯಲ್ಲಿ ವಿಲ್ಲಿ ಆದವರು ಯಾರು ಗೊತ್ತಾ? ಜಾರ್ಜ್ ಸಿ. ಸ್ಕಾಟ್. ಎರಡಾಯಿತು.

ಇದರ ಜೊತೆಗೆ ಇಟ್ಟು ನೋಡುವುದಕ್ಕೆ ಒಂದು ಸಣ್ಣ ಸಿನಿಮಾ ಹೇಳುತ್ತೇನೆ: 1949ರಲ್ಲೇ ಬಿಡುಗಡೆಯಾದ 'ಥೀವ್ಸ್ ಹೈವೇ'. ಜೂಲ್ಸ್ ಡಾಸಿನ್ ನಿರ್ದೇಶನ. ಸ್ಯಾನ್ ಫ್ರಾನ್ಸಿಸ್ಕೊದ ಹಣ್ಣು ತರಕಾರಿ ಮಾರುಕಟ್ಟೆಯಲ್ಲಿ ಕಾಬ್ ಫಿಗ್ಲಿಯಾ ಅನ್ನುವ ದಲ್ಲಾಳಿ. ರಾತ್ರಿಯಿಡೀ ಲಾರಿ ಓಡಿಸಿ ಸೇಬು ತಂದವನಿಗೆ ನಗುನಗುತ್ತಾ ಟೋಪಿ ಹಾಕುವುದು ಅವನ ಕೆಲಸ. ಮಾಲು ಬೆಳಗಾಗುವಷ್ಟರಲ್ಲಿ ಮಾರದಿದ್ದರೆ ಕೊಳೆಯುತ್ತದೆ ಅಂತ ಅವನಿಗೂ ಗೊತ್ತು, ಲಾರಿಯವನಿಗೂ ಗೊತ್ತು. ಆ ಅವಸರದಲ್ಲೇ ಅವನ ಲಾಭ. ಒಂದೇ ವರ್ಷ ನ್ಯೂಯಾರ್ಕಿನ ರಂಗದ ಮೇಲೆ ಮಾರಾಟದಲ್ಲಿ ಸೋತವನು, ತೆರೆಯ ಮೇಲೆ ಮಾರಾಟದಲ್ಲಿ ಮೋಸ ಮಾಡುವವನು. ಹೆಸರು ಅಷ್ಟಾಗಿ ಕೇಳಿರದ ಚಿತ್ರ, ಒಂದೂವರೆ ಗಂಟೆ, ದಯವಿಟ್ಟು ನೋಡಿ. ಡಾಸಿನ್ ಕೂಡ ಕಪ್ಪುಪಟ್ಟಿಗೆ ಸಿಕ್ಕಿ ಯುರೋಪಿಗೆ ಹೋಗಬೇಕಾಯಿತು.

ಅಪ್ಪಂದಿರಲ್ಲಿ ಯಾರು ಬೇಕು

1955ರ ಹೃದಯಾಘಾತದ ಕಥೆ ಮೊದಲು. ಆಸ್ಪತ್ರೆಯಲ್ಲಿದ್ದಾಗ ಖರ್ಚು ನೋಡಿಕೊಂಡು, ಚೇತರಿಸಿಕೊಳ್ಳುವವರೆಗೆ ಇರಲು ಜಾಗ ಕೊಟ್ಟವರು ಫ್ರಾಂಕ್ ಸಿನಾತ್ರಾ. ಇಬ್ಬರೂ ಅಂಥ ಆಪ್ತ ಸ್ನೇಹಿತರೇನೂ ಅಲ್ಲ. ಮುಂದೆ 'ಕಮ್ ಬ್ಲೋ ಯುವರ್ ಹಾರ್ನ್' ಚಿತ್ರದಲ್ಲಿ ಇದೇ ಸಿನಾತ್ರಾಗೆ ಅಪ್ಪನಾಗಿ ಸಿಡಿಮಿಡಿ ಮಾಡುತ್ತಾ ನಗಿಸುತ್ತಾರೆ. ನೀಲ್ ಸೈಮನ್ ನಾಟಕದಿಂದ ತೆಗೆದ ಹಾಸ್ಯಚಿತ್ರ, ಮೇಣದ ಹಣ್ಣು ಮಾರುವ ಅಪ್ಪ. ಕಾಬ್ ಅಂದರೆ ಬರೀ ಗಂಭೀರ ಅಂದುಕೊಂಡವರು ಒಮ್ಮೆ ನೋಡಬಹುದು. ಸಿನಿಮಾ ಸಾಧಾರಣ, ಅವರಿರುವ ಭಾಗ ಚೆನ್ನಾಗಿದೆ.

1958ರ 'ದ ಬ್ರದರ್ಸ್ ಕರಮಝೋವ್' ಇದಕ್ಕೆ ಉಲ್ಟಾ. ಕುಡುಕ, ಜಿಪುಣ, ಹೆಣ್ಣಿನ ಹುಚ್ಚಿನ ಅಪ್ಪ ಫ್ಯೋದೋರ್. ಎರಡನೇ ಆಸ್ಕರ್ ನಾಮನಿರ್ದೇಶನ ಇದಕ್ಕೇ ಬಂದದ್ದು, ಪ್ರಶಸ್ತಿ 'ದ ಬಿಗ್ ಕಂಟ್ರಿ'ಯ ಬರ್ಲ್ ಐವ್ಸ್ ಪಾಲಾಯಿತು. ನನಗೆ ಇದು ಅತಿ ಅನ್ನಿಸುತ್ತದೆ. ಕೊನೇ ಸಾಲಿನವರಿಗೂ ಕೇಳಲಿ ಅಂತ ಆಡಿದ ಹಾಗಿದೆ, ಆದರೆ ಕ್ಯಾಮೆರಾ ಎರಡು ಅಡಿ ದೂರದಲ್ಲಿದೆ. ದಸ್ತಯೇವ್‌ಸ್ಕಿ ಬರೆದ ಮೂಲ ಕಾದಂಬರಿ ಓದಿದವರಿಗೆ ಇನ್ನೂ ಬೇಸರ ಆಗಬಹುದು. ಆದರೆ ಮಜಾ ಇಲ್ಲ ಅಂತ ಹೇಳಲಾರೆ. ಅದೇ ವರ್ಷದ 'ಮ್ಯಾನ್ ಆಫ್ ದ ವೆಸ್ಟ್'ನಲ್ಲಿ ಮುದಿ ಡಕಾಯಿತ ಡಾಕ್ ಟೋಬಿನ್ ಆಗಿಯೂ ಕೂಗುತ್ತಾರೆ, ಅಲ್ಲಿ ಆ ಕೂಗು ಕೂರುತ್ತದೆ, ಯಾಕೆಂದರೆ ಸುತ್ತಲೂ ಬಯಲು, ಎದುರಿಗೆ ಮಾತೇ ಆಡದ ಕೂಪರ್. ಎರಡರಲ್ಲಿ ಒಂದು ಅಂದರೆ ಕಣ್ಣು ಮುಚ್ಚಿಕೊಂಡು ಟೋಬಿನ್.

1960ರ 'ಎಕ್ಸೋಡಸ್'ನಲ್ಲಿ ಪಾಲ್ ನ್ಯೂಮನ್‌ಗೆ ಅಪ್ಪ. ಮೂರೂವರೆ ಗಂಟೆ ಹತ್ತಿರದ ಸಿನಿಮಾ, ಇವರಿಗೋಸ್ಕರ ಅಷ್ಟು ಹೊತ್ತು ಕೂರುವುದು ಬೇಡ. ಒಂದು ಸಂಗತಿ ಮಾತ್ರ ಹೇಳಬೇಕು. ಕಪ್ಪುಪಟ್ಟಿಯಲ್ಲಿದ್ದ ಡಾಲ್ಟನ್ ಟ್ರಂಬೊ ಹೆಸರನ್ನು ಚಿತ್ರಕಥೆಗಾರ ಅಂತ ರಾಜಾರೋಷವಾಗಿ ಹಾಕಿದ ಚಿತ್ರ ಇದು. ಟ್ರಂಬೊ ಬಾಯಿ ಬಿಡದೆ ಜೈಲಿಗೆ ಹೋಗಿ ಬಂದವರು. ಅವರು ಬರೆದ ಮಾತನ್ನು ಬಾಯಿಬಿಟ್ಟ ಕಾಬ್ ಆಡುತ್ತಾರೆ.

ಕೊನೆಯ ವರ್ಷಗಳು: ಜಡ್ಜ್ ಅಥವಾ ಪೊಲೀಸ್

1962ರಿಂದ 1966ರ ತನಕ ಅವರು 'ದ ವರ್ಜೀನಿಯನ್' ಅನ್ನುವ ಟೀವಿ ಸರಣಿಯಲ್ಲಿ ದನ ಸಾಕುವ ರ‍್ಯಾಂಚ್ ಯಜಮಾನ ಜಡ್ಜ್ ಗಾರ್ತ್. ಜಾಹೀರಾತು ಸೇರಿ ವಾರವಾರ ಒಂದೂವರೆ ಗಂಟೆ, ಬಣ್ಣದಲ್ಲಿ. ಅಮೆರಿಕದಲ್ಲಿ ಮನೆಮನೆಗೂ ಅವರ ಮುಖ ಮುಟ್ಟಿದ್ದು ಇದರಿಂದಲೇ. ವಿಲ್ಲಿ ಲೋಮನ್ ಆಡಿದವರಿಗೆ ಇದೊಂದು ನೌಕರಿ ಅಂತ ನೋಡಿದರೆ ಗೊತ್ತಾಗುತ್ತದೆ. ನಾಲ್ಕನೇ ಸೀಸನ್ ನಡೆಯುವಾಗ ಬಿಟ್ಟರು. ಹಳೆಯ ಕೌಬಾಯ್ ಕಥೆ ಇಷ್ಟ ಇದ್ದರೆ ಮೊದಲ ಸೀಸನ್‌ನ ಒಂದೆರಡು ಕಂತು ನೋಡಿ ಸಾಕು. ಜೇಮ್ಸ್ ಬಾಂಡ್ ಅಣಕದ ಎರಡು 'ಫ್ಲಿಂಟ್' ಚಿತ್ರಗಳನ್ನು, 'ಕೂಗನ್ಸ್ ಬ್ಲಫ್' ಅನ್ನು ಬೇರೆ ಕಾರಣಕ್ಕೆ ನೋಡಬಹುದು, ಕಾಬ್ ಕಾರಣಕ್ಕೆ ಅಲ್ಲ. 1968ರಲ್ಲಿ ಅವರು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಕಿಂಗ್ ಲಿಯರ್ ಆಡಿದರು. ಅದನ್ನು ನೋಡಿದವರು ಪುಣ್ಯವಂತರು.

ಕೊನೆಯ ದಿನಗಳದ್ದು ಅಂತ ಒಂದು ಆರಿಸುವುದಾದರೆ 1973ರ 'ದ ಎಕ್ಸಾರ್ಸಿಸ್ಟ್'. ದೆವ್ವದ ಸಿನಿಮಾ, ಎಲ್ಲರಿಗೂ ಗೊತ್ತು. ಅದರಲ್ಲಿ ಲೆಫ್ಟಿನೆಂಟ್ ಕಿಂಡರ್‌ಮನ್ ಅನ್ನುವ ಪೊಲೀಸ್ ಅಧಿಕಾರಿ ಕಾಬ್. ಇಡೀ ಜೀವನ ಕೂಗಿದ ನಟ ಇಲ್ಲಿ ಒಂದು ಸಲವೂ ದನಿ ಏರಿಸುವುದಿಲ್ಲ. ಮೆತ್ತಗೆ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ನಟಿಯಾದ ಆ ಮನೆಯಾಕೆಯ ಹತ್ತಿರ ಮಗಳಿಗೆ ಅಂತ ಆಟೋಗ್ರಾಫ್ ಕೇಳುತ್ತಾರೆ, ಆಮೇಲೆ ಮಗಳಿಗಲ್ಲ ನನಗೇ ಅಂತ ಒಪ್ಪಿಕೊಳ್ಳುತ್ತಾರೆ. ಹೀಗೆ ಹರಟುತ್ತಲೇ ಕೊಲೆಯ ವಿಷಯ ಕೆದಕುತ್ತಾರೆ. ಪಾದ್ರಿ ಕರಾಸ್ ಜೊತೆ ನಡೆಯುತ್ತಾ ನೀನು ಥೇಟ್ ಜಾನ್ ಗಾರ್‌ಫೀಲ್ಡ್ ಥರ ಇದ್ದೀಯ ಅನ್ನುತ್ತಾರಲ್ಲ, ಆ ಗಾರ್‌ಫೀಲ್ಡ್ ಗ್ರೂಪ್ ಥಿಯೇಟರಿನಲ್ಲಿ ಕಾಬ್ ಜೊತೆ 'ಗೋಲ್ಡನ್ ಬಾಯ್' ಆಡಿದವರು. ಸಮಿತಿಯ ಮುಂದೆ ಹೆಸರು ಹೇಳಲಿಲ್ಲ, 1952ರಲ್ಲಿ 39ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ಚಿತ್ರಕಥೆಯಲ್ಲಿ ಅದು ಬರೀ ಹರಟೆ ಮಾತು. ಕಾಬ್ ಬಾಯಲ್ಲಿ ಕೇಳುವಾಗ ನನಗೆ ಹರಟೆ ಅನ್ನಿಸುವುದಿಲ್ಲ.

ಕಾಬ್ 1976ರ ಫೆಬ್ರವರಿಯಲ್ಲಿ ತೀರಿಕೊಂಡರು, 64 ವರ್ಷ. 1990ರಲ್ಲಿ ಮೂರನೇ 'ಎಕ್ಸಾರ್ಸಿಸ್ಟ್' ಬಂದಾಗ ಕಿಂಡರ್‌ಮನ್ ಆದವರು ಅದೇ ಜಾರ್ಜ್ ಸಿ. ಸ್ಕಾಟ್. ವಿಲ್ಲಿ, ಕಿಂಡರ್‌ಮನ್, ಮೂರನೇ ಜ್ಯೂರಿ, ಮೂರೂ ಪಾತ್ರ ಕಾಬ್ ಆದ ಮೇಲೆ ಅವರಿಗೇ! ಸ್ಕಾಟ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಿಂಡರ್‌ಮನ್‌ಗೆ ಮೈಯೆಲ್ಲ ಸಿಟ್ಟು, ಕಾಬ್‌ದಕ್ಕೆ ಕುತೂಹಲ. ದೆವ್ವದ ಸಿನಿಮಾದಲ್ಲಿ ಆ ಕುತೂಹಲವೇ ಉಸಿರಾಡಲು ಜಾಗ ಕೊಡುತ್ತದೆ.

ನನ್ನ ಕ್ರಮ ಕೇಳಿದರೆ: '12 ಆಂಗ್ರಿ ಮೆನ್', ಆಮೇಲೆ 'ಥೀವ್ಸ್ ಹೈವೇ', ಆಮೇಲೆ 1966ರ ಸೇಲ್ಸ್‌ಮನ್, 'ವಾಟರ್‌ಫ್ರಂಟ್', 'ಎಕ್ಸಾರ್ಸಿಸ್ಟ್'. ಕುದುರೆ ಬಂದೂಕು ಇಷ್ಟ ಇರುವವರು ನಡುವೆ ಎಲ್ಲಾದರೂ 'ಮ್ಯಾನ್ ಆಫ್ ದ ವೆಸ್ಟ್' ಸೇರಿಸಿಕೊಳ್ಳಿ. 'ಎಕ್ಸಾರ್ಸಿಸ್ಟ್' ಹಾಕುವ ಮುಂಚೆ ಎಷ್ಟು ನಿಮಿಷ ಇದೆ ಅಂತ ಒಮ್ಮೆ ನೋಡಿಕೊಳ್ಳಿ. 122 ನಿಮಿಷ ಅಂತಿದ್ದರೆ 1973ರದ್ದು, 132ರ ಹತ್ತಿರ ಇದ್ದರೆ 2000ದಲ್ಲಿ ಮತ್ತೆ ಬಿಟ್ಟದ್ದು. ಎರಡನೆಯದರ ಕೊನೆಯಲ್ಲಿ ಕಾಬ್ ಇನ್ನೊಂದು ದೃಶ್ಯಕ್ಕೆ ಬರುತ್ತಾರೆ, ಪಾದ್ರಿ ಡೈಯರ್‌ನನ್ನು ಮಾತಿಗೆಳೆದು ಸಿನಿಮಾಕ್ಕೆ ಬರ್ತೀರಾ ಅನ್ನುತ್ತಾರೆ. ಹಳೆಯದರಲ್ಲಿ ಅದನ್ನು ಕತ್ತರಿಸಿದ್ದಾರೆ. ಸಿನಿಮಾವಾಗಿ ಹಳೆಯದೇ ಬಿಗಿಯಾಗಿದೆ, ಕಾಬ್‌ಗೋಸ್ಕರ ನೋಡುವವರು ಉದ್ದದ್ದನ್ನೇ ಹಾಕಿ.